ಪೊರೆಗೆ ನೆಟ್ಟ ಈಳಿಗೆ

(ವಿಜ್ಞಾನ ಓದದವರೂ ಇದ್ದ ಒಂದು ಸಭೆಯಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಸ್ವಲ್ಪ ಒಪ್ಪ ಮಾಡಿದ್ದೇನೆ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ, ಅದಕ್ಕೆ ಅಲ್ಲಲ್ಲಿ ನಾಲ್ಕು ಮಾತು ಜಾಸ್ತಿ ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ. ನಿಮ್ಮ ಮೈಮೇಲೆ ಎಲ್ಲಾದರೂ ಹಳೇ ಗಾಯದ ಕಲೆ ಇದೆಯಾ, ನೋಡಿಕೊಳ್ಳಿ. ನನ್ನದು ಇಲ್ಲಿದೆ. ಎಡಗೈಯ ತೋರುಬೆರಳ ಬುಡದಲ್ಲಿ, ಅರ್ಧ ಇಂಚಿನ ಬಿಳಿ ಗೆರೆ. ಎಂಟು ವರ್ಷದವನಿದ್ದಾಗ ಅಜ್ಜಿ ಒಳಗೆ ಹೋದ ಹೊತ್ತು ನೋಡಿ, ಈಳಿಗೆಮಣೆಯ ಮೇಲೆ ಕೂತು ಬಾಳೆಕಾಯಿ ಹೆಚ್ಚಲು ಹೋಗಿದ್ದೆ. ಅಜ್ಜಿ ಬಂದು ಮೊದಲು ಬೈದರು, ಆಮೇಲೆ ಕಾಫಿಪುಡಿ ಒತ್ತಿದರು. (ನೀವು ಹಾಗೆ ಮಾಡಬೇಡಿ. ನೀರಲ್ಲಿ ತೊಳೆದು ಶುಭ್ರವಾದ ಬಟ್ಟೆಯಲ್ಲಿ ಒತ್ತಿ ಹಿಡಿದರೆ ಸಾಕು.) ಹತ್ತು ಹನ್ನೆರಡು ದಿನಕ್ಕೆ ಗಾಯ ಮಾಯಿತು.

ಗಾಯ ಮಾಯಿತು ಅಂದರೆ ಕತೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಈ ಬಿಳಿ ಗೆರೆಯೊಳಗೆ ಇವತ್ತಿಗೂ ಕೆಲಸ ನಡೆಯುತ್ತಿದೆ. ಇದನ್ನು ನಾನು ನಂಬಿದ್ದು ಪಠ್ಯಪುಸ್ತಕ ಓದಿ ಅಲ್ಲ, ಒಂದು ಹಡಗಿನ ಕತೆ ಓದಿ.

1740ರಲ್ಲಿ ಇಂಗ್ಲೆಂಡಿನ ಜಾರ್ಜ್ ಆನ್ಸನ್ ಎಂಬ ನೌಕಾಧಿಕಾರಿ ಕೆಲವು ಹಡಗುಗಳನ್ನು ಕಟ್ಟಿಕೊಂಡು ಭೂಮಿ ಸುತ್ತಲು ಹೊರಟ. ತಿಂಗಳುಗಟ್ಟಲೆ ಹಣ್ಣು ತರಕಾರಿ ಇಲ್ಲ. ನಾವಿಕರಿಗೆ ಸ್ಕರ್ವಿ ಹಿಡಿಯಿತು. ಒಸಡು ಊದಿ ರಕ್ತ ಬರೋದು, ಹಲ್ಲು ಉದುರೋದು, ಇದೆಲ್ಲ ಗೊತ್ತಿದ್ದದ್ದೇ. ಆದರೆ ಆ ಹಡಗಿನ ವೃತ್ತಾಂತದಲ್ಲಿ ಇನ್ನೊಂದು ವಿಷಯ ಇದೆ. ಒಬ್ಬ ಮುದುಕ ನಾವಿಕನಿಗೆ 50 ವರ್ಷಕ್ಕೂ ಹಿಂದೆ, 1690ರಲ್ಲಿ, ಐರ್ಲೆಂಡಿನ ಬಾಯ್ನ್ ನದಿ ದಂಡೆಯ ಯುದ್ಧದಲ್ಲಿ ಗಾಯವಾಗಿತ್ತು. ಯಾವತ್ತೋ ಮಾಯ್ದು ಹೋಗಿದ್ದ ಗಾಯ. ಸ್ಕರ್ವಿ ಬಂದ ಮೇಲೆ ಅದು ಮತ್ತೆ ಬಿರಿಯಿತು. ಮಾಯ್ದೇ ಇರಲಿಲ್ಲವೇನೋ ಎನ್ನುವಷ್ಟು ಹಸಿಯಾಗಿ ಬಿರಿಯಿತು.

ಯಾಕೆ ಹೀಗಾಯಿತು? ಗಾಯವನ್ನು ಹಿಡಿದು ನಿಲ್ಲಿಸಿರುವುದು ಕೊಲಾಜನ್ ಎಂಬ ಪ್ರೊಟೀನು. ಅದನ್ನು ಸರಿಯಾಗಿ ಹೆಣೆಯಲು ವಿಟಮಿನ್ ಸಿ ಬೇಕು. ವಿಟಮಿನ್ ಇಲ್ಲದಾಗ ಹೊಸ ಕೊಲಾಜನ್ ಹೆಣಿಗೆ ನಿಂತಿತು. ಅಷ್ಟಕ್ಕೇ ಹಳೇ ಕಲೆ ಯಾಕೆ ಬಾಯಿ ಬಿಡಬೇಕು? ಹಳೆಯದು ಹಾಗೇ ಇರಬಹುದಿತ್ತಲ್ವಾ? ಇರಲಿಲ್ಲ. ಯಾಕೆಂದರೆ ಅಲ್ಲಿ ಯಾರೋ ದಿನಾ ಹಳೆಯದನ್ನು ಕತ್ತರಿಸುತ್ತಲೇ ಇದ್ದರು. 50 ವರ್ಷ ಕತ್ತರಿಸುವವರೂ ಹೆಣೆಯುವವರೂ ಸಮಸಮ ದುಡಿದಿದ್ದರು. ಹೆಣೆಯುವವರು ಕೈಬಿಟ್ಟ ಮೇಲೆ ಉಳಿದದ್ದು ಕತ್ತರಿ ಮಾತ್ರ.

ಇವತ್ತಿನ ಮಾತೆಲ್ಲ ಆ ಕತ್ತರಿಯ ಬಗ್ಗೆ. ಕತ್ತರಿಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ಹತ್ತಿರದಿಂದ ನೋಡೋಣ. ಅದು ಜೀವಕೋಶದ ಪೊರೆಗೇ, ಅಂದರೆ ಅದರ ಹೊರಸಿಪ್ಪೆಗೇ, ನೆಟ್ಟುಕೊಂಡಿರುವ ಕಿಣ್ವ. ಕಿಣ್ವ ಅಂದರೆ ಮೈಯೊಳಗೆ ಕಡಿಯುವ, ಕೂಡಿಸುವ ಕೆಲಸ ಮಾಡುವ ಪ್ರೊಟೀನು. ಹೆಸರು ಎಂಟಿ1-ಎಂಎಂಪಿ. ಉದ್ದ ಹೆಸರು ಬೇಡ, ನಾನು ಎಂಟಿ1 ಅನ್ನುತ್ತೇನೆ.

ಮೊದಲು ಅದು ಕತ್ತರಿಸುವುದು ಏನನ್ನು ಅಂತ ನೋಡಬೇಕು. ನಮ್ಮ ಮೈಯ ಪ್ರೊಟೀನಿನಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಕೊಲಾಜನ್. ಚರ್ಮ, ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ರಕ್ತನಾಳದ ಗೋಡೆ, ಎಲ್ಲ ಕಡೆ ಇದೆ. ತೆಂಗಿನ ನಾರಿನ ಹಗ್ಗ ನೆನಪಿಸಿಕೊಳ್ಳಿ. ಮೂರು ಎಳೆ ಬಿಗಿಯಾಗಿ ಹೊಸೆದಿರುತ್ತದೆ. ಕೊಲಾಜನ್ ಹೀಗೇ, ಮೂರೆಳೆಯ ಹಗ್ಗ. ಅದೆಷ್ಟು ಬಿಗಿ ಅಂದರೆ ಸಾಮಾನ್ಯ ಕಿಣ್ವಗಳಿಗೆ ಎಳೆಗಳ ಸಂದಿಯಲ್ಲಿ ಬಾಯಿ ಹಾಕಲು ಜಾಗವೇ ಸಿಗುವುದಿಲ್ಲ. ಮಾಂಸ ಬೇಯಿಸುವವರಿಗೆ ಇದು ಗೊತ್ತು. ಕಾಲುಸೂಪಿಗೆ ಗಂಟೆಗಟ್ಟಲೆ ಕುದಿಸಬೇಕು. ಕುದಿಸಿದಾಗ ಹಗ್ಗದ ಹೊಸೆತ ಬಿಚ್ಚಿ ಜೆಲಾಟಿನ್ ಆಗುತ್ತದೆ, ಸಾರು ಆರಿದ ಮೇಲೆ ಗಟ್ಟಿಯಾಗುವುದು ಅದರಿಂದಲೇ.

ನಮ್ಮ ಮೈಯೊಳಗೆ ಕುದಿಸುವ ಹಾಗಿಲ್ಲ. 37 ಡಿಗ್ರಿಯಲ್ಲೇ ಹಗ್ಗ ಕಡಿಯಬೇಕು.

ಕಡಿಯುವ ಕಿಣ್ವ ಇದೆ ಅಂತ ಮೊದಲು ತೋರಿಸಿದ್ದು ಗೊದಮೊಟ್ಟೆಯ ಬಾಲದಲ್ಲಿ. ಗೊದಮೊಟ್ಟೆ ಕಪ್ಪೆಯಾಗುವಾಗ ಬಾಲ ಕರಗುತ್ತದೆ, ಮಳೆಗಾಲದಲ್ಲಿ ಗದ್ದೆಯ ನೀರಲ್ಲಿ ನೀವೆಲ್ಲ ನೋಡಿದ್ದೀರಿ. ಬಾಲದ ತುಂಬ ಕೊಲಾಜನ್. ಅದೆಲ್ಲ ಕೆಲವೇ ದಿನದಲ್ಲಿ ಮಾಯ. ಹಾಗಾದರೆ ಅಲ್ಲಿ ಕತ್ತರಿ ಇರಲೇಬೇಕು. ಆದರೆ ಅಂಗಾಂಶವನ್ನು ಅರೆದು ರಸ ತೆಗೆದು ಹುಡುಕಿದವರಿಗೆ ಅಂಥ ಕಿಣ್ವ ಸಿಕ್ಕಿರಲಿಲ್ಲ.

1962ರಲ್ಲಿ ಬಾಸ್ಟನ್‌ನಲ್ಲಿ ಜೆರೋಮ್ ಗ್ರಾಸ್ ಮತ್ತು ಬೆಲ್ಜಿಯಂನಿಂದ ಬಂದಿದ್ದ ಶಾರ್ಲ್ ಲಾಪಿಯೇರ್ ಅರೆಯುವುದನ್ನು ಬಿಟ್ಟರು. ಕೊಲಾಜನ್‌ನಿಂದ ತಟ್ಟೆಯಲ್ಲಿ ಒಂದು ತೆಳು ಪದರ ಮಾಡಿದರು. ಗಂಜಿ ಆರಿದಾಗ ಮೇಲೆ ಕಟ್ಟುವ ಕೆನೆಯ ಹಾಗೆ ಮಸುಕು ಬಿಳಿ ಬಣ್ಣ. ಅದರ ಮೇಲೆ ಜೀವಂತ ಬಾಲದ ಚೂರುಗಳನ್ನಿಟ್ಟು ಮೈಯಷ್ಟೇ ಬಿಸಿಯಲ್ಲಿ ಇಟ್ಟರು. ಚೂರಿನ ಸುತ್ತ ಆ ಬಿಳಿ ಪದರ ಕರಗಿ, ಗಾಜಿನಷ್ಟು ತಿಳಿಯಾದ ಒಂದು ಉಂಗುರ ಮೂಡಿತು. ಸತ್ತ ಚೂರಿಟ್ಟರೆ ಉಂಗುರ ಇಲ್ಲ. ಅಂದರೆ ಜೀವಕೋಶಗಳು ಈ ಕತ್ತರಿಯನ್ನು ಕಪಾಟಿನಲ್ಲಿ ಇಟ್ಟುಕೊಂಡಿರುವುದಿಲ್ಲ, ಬೇಕಾದಾಗ ಮಾಡಿಕೊಳ್ಳುತ್ತವೆ. ಅದಕ್ಕೇ ಅರೆದವರಿಗೆ ಏನೂ ಸಿಗಲಿಲ್ಲ. ಇಷ್ಟು ಸರಳವಾದ ಪ್ರಯೋಗ, ಇಷ್ಟು ಕಣ್ಣಿಗೆ ಕಟ್ಟುವ ಉತ್ತರ. ನನಗೆ ಇವತ್ತಿಗೂ ಹೊಟ್ಟೆಕಿಚ್ಚಾಗುತ್ತದೆ.

ಮುಂದೆ ಈ ಕುಟುಂಬದ ಕಿಣ್ವಗಳು ಒಂದೊಂದಾಗಿ ಸಿಕ್ಕಿದವು. ಕುಟುಂಬದ ಹೆಸರು ಎಂಎಂಪಿ. ಮನುಷ್ಯನಲ್ಲೇ 20ಕ್ಕಿಂತ ಜಾಸ್ತಿ ಇವೆ. ಎಲ್ಲದರ ಬಾಯಲ್ಲೂ ಒಂದು ಸತುವಿನ ಅಯಾನು, ಅಲಗಿನ ಅಂಚು ಅದೇ. ಇವುಗಳಲ್ಲಿ ಹಗ್ಗ ಕಡಿಯಬಲ್ಲಂಥವು ಮೂರೆಳೆಯನ್ನೂ ಒಂದೇ ಜಾಗದಲ್ಲಿ, ಮುಕ್ಕಾಲು ಮತ್ತು ಕಾಲು ಭಾಗವಾಗಿ ತುಂಡರಿಸುತ್ತವೆ. ಅಷ್ಟಾದರೆ ಸಾಕು. ತುಂಡಾದ ಹಗ್ಗ ಮೈಯ ಬಿಸಿಗೇ ಹೊಸೆತ ಬಿಚ್ಚಿಕೊಂಡು ಜೆಲಾಟಿನ್ ಆಗುತ್ತದೆ. ಜೆಲಾಟಿನ್ ತಿನ್ನಲು ಬೇರೆ ಕಿಣ್ವಗಳಿವೆ. ಅವುಗಳಲ್ಲಿ ಎಂಎಂಪಿ-2 ಎಂಬುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ.

ಆಗ ಗೊತ್ತಿದ್ದ ಈ ಕಿಣ್ವಗಳೆಲ್ಲ ಜೀವಕೋಶ ಹೊರಗೆ ಸುರಿದುಬಿಡುವಂಥವು. ಇದು ವಿಚಿತ್ರ. ಅಡುಗೆಮನೆಯ ಚಾಕುಗಳನ್ನೆಲ್ಲ ಬೀದಿಗೆ ಎಸೆದು, ತರಕಾರಿಯನ್ನು ಅವೇ ಹುಡುಕಿ ಹೆಚ್ಚಲಿ ಅಂದ ಹಾಗೆ. ಒಂದು ಜೀವಕೋಶ ಮುಂದಕ್ಕೆ ತೆವಳಬೇಕು ಅಂದರೆ ತನ್ನ ಮೂಗಿನ ಮುಂದಿನ ಹಗ್ಗವನ್ನಷ್ಟೇ ಕಡಿಯಬೇಕು. ಕಾಲ ಕೆಳಗಿನದನ್ನೂ ಕಡಿದರೆ ಊರಿಕೊಳ್ಳಲು ಏನೂ ಉಳಿಯುವುದಿಲ್ಲ.

1994ರಲ್ಲಿ ಜಪಾನಿನ ಕನಜಾವಾ ವಿಶ್ವವಿದ್ಯಾಲಯದ ಹಿರೋಶಿ ಸಾಟೊ, ಮೊಟೊಹಾರು ಸೇಕಿ ಮತ್ತು ಜೊತೆಯವರು ಉತ್ತರ ಕಂಡರು. ಅವರು ಹುಡುಕುತ್ತಿದ್ದದ್ದು ಬೇರೆ. ಎಂಎಂಪಿ-2 ನಿದ್ದೆಯಲ್ಲಿರುವ ರೂಪದಲ್ಲಿ ಹೊರಬರುತ್ತದೆ. ಕ್ಯಾನ್ಸರ್ ಗಡ್ಡೆಗಳಲ್ಲಿ ಅದು ಎಚ್ಚರವಾಗಿರುತ್ತದೆ. ಎಬ್ಬಿಸುವವರು ಯಾರು? ಸಿಕ್ಕಿದ್ದು ಅದೇ ಕುಟುಂಬದ ಇನ್ನೊಂದು ಕಿಣ್ವ, ಆದರೆ ಅದರ ಒಂದು ತುದಿಯ ಹತ್ತಿರ ಪೊರೆಯೊಳಗೆ ತೂರಿ ನಿಲ್ಲುವ ಒಂದು ತುಂಡು ಜಾಸ್ತಿ ಇತ್ತು. ಸುತ್ತಲಿನ ಅಂಗಾಂಶಕ್ಕೆ ನುಗ್ಗುವ ಶ್ವಾಸಕೋಶದ ಕ್ಯಾನ್ಸರ್ ಕೋಶಗಳ ಮೇಲೆ ಅದು ಇತ್ತು. ಅದೇ ನಮ್ಮ ಎಂಟಿ1.

ಈಗ ನನ್ನ ಬೆರಳು ಕೊಯ್ದ ಈಳಿಗೆಮಣೆಗೆ ಬರೋಣ. ಚಾಕುವಿಗೂ ಈಳಿಗೆಗೂ ಏನು ವ್ಯತ್ಯಾಸ? ಚಾಕು ಕೈಯಲ್ಲಿ ಓಡಾಡುತ್ತದೆ. ಈಳಿಗೆಯ ಅಲಗು ಮಣೆಗೆ ನೆಟ್ಟಿರುತ್ತದೆ, ತರಕಾರಿಯೇ ಅದರ ಹತ್ತಿರ ಹೋಗಬೇಕು. ಮಣೆ ಇದ್ದಲ್ಲಿ ಮಾತ್ರ ಹೆಚ್ಚುವ ಕೆಲಸ. ಎಂಟಿ1 ಹಾಗೇ. 582 ಅಮೈನೊ ಆಮ್ಲಗಳ, ಅಂದರೆ ಪ್ರೊಟೀನು ಕಟ್ಟುವ ಮಣಿಗಳ, ಸರಪಣಿ. ಬಹುಪಾಲು ಕೋಶದ ಹೊರಗೆ ಚಾಚಿದೆ. ಒಂದು ತುಂಡು ಪೊರೆಯೊಳಗೆ ನೆಟ್ಟಿದೆ. ಕೇವಲ 20 ಅಮೈನೊ ಆಮ್ಲಗಳ ಪುಟ್ಟ ಬಾಲ ಕೋಶದ ಒಳಗಿದೆ. ಆ ಪುಟ್ಟ ಬಾಲವನ್ನು ಹಿಡಿದು ಕೋಶ ಈಳಿಗೆಯನ್ನು ಒಳಗೆ ಎಳೆದುಕೊಳ್ಳುತ್ತದೆ, ಇನ್ನೊಂದು ಕಡೆ ಮತ್ತೆ ಹೊರಗೆ ಚಾಚುತ್ತದೆ. ಅಜ್ಜಿ ಮಣೆಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡ ಹಾಗೆ.

ಅಲಗಿಗೆ ಒಂದು ಒರೆಯೂ ಇದೆ. ಕಿಣ್ವ ಹುಟ್ಟುವಾಗ ತನ್ನದೇ ಒಂದು ತುದಿ ಮಡಚಿ ಬಂದು ಸತುವಿನ ಬಾಯಿ ಮುಚ್ಚಿರುತ್ತದೆ. ಹೊರಗೆ ಸುರಿಯುವ ಅಣ್ಣತಮ್ಮಂದಿರು ಸಾಮಾನ್ಯವಾಗಿ ಒರೆಯೊಂದಿಗೇ ಹೊರಬೀಳುತ್ತಾರೆ. ಎಂಟಿ1 ಮಾತ್ರ ಹೊರಗೆ ಬರುವ ದಾರಿಯಲ್ಲೇ, ಕೋಶದ ಒಳಗೇ, ಫ್ಯೂರಿನ್ ಎಂಬ ಇನ್ನೊಂದು ಕಿಣ್ವದ ಕೈಯಲ್ಲಿ ಒರೆ ಕಳಚಿಸಿಕೊಂಡು ಬರುತ್ತದೆ. ಪೊರೆಯ ಮೇಲೆ ಕಾಣಿಸಿಕೊಂಡ ಗಳಿಗೆಯಿಂದಲೇ ಕೆಲಸಕ್ಕೆ ತಯಾರು.

ಇನ್ನು ಎಂಎಂಪಿ-2 ಎಬ್ಬಿಸುವ ಸಂಗತಿ. ಇದು ಸ್ವಲ್ಪ ಸುತ್ತುದಾರಿ, ಆದರೆ ನನಗೆ ಬಹಳ ಇಷ್ಟ. ಈ ಕಿಣ್ವಗಳನ್ನು ಅಂಕೆಯಲ್ಲಿಡಲು ಮೈಯಲ್ಲಿ ಟಿಂಪ್ ಎಂಬ ಕಾವಲುಗಾರ ಪ್ರೊಟೀನುಗಳಿವೆ. ಟಿಂಪ್ ಬಂದು ಅಲಗಿಗೆ ಅಡ್ಡ ಕೂತರೆ ಆ ಈಳಿಗೆ ಬಂದ್. ಟಿಂಪ್-2 ಎಂಬುದಕ್ಕೆ ಎರಡು ಕೈ ಅಂದುಕೊಳ್ಳಿ. ಒಂದು ಕೈಯಲ್ಲಿ ಎಂಟಿ1ರ ಅಲಗನ್ನು ಮುಚ್ಚಿ ಹಿಡಿಯುತ್ತದೆ. ಇನ್ನೊಂದು ಕೈ ಖಾಲಿ. ಆ ಖಾಲಿ ಕೈಯಲ್ಲಿ ಅದು ನಿದ್ದೆ ಮಾಡುತ್ತಿರುವ ಎಂಎಂಪಿ-2ನ್ನು ಹಿಡಿದುಕೊಳ್ಳುತ್ತದೆ. ಪಕ್ಕದಲ್ಲೇ ಇನ್ನೊಂದು ಎಂಟಿ1 ಇರುತ್ತದೆ, ಅದರ ಅಲಗು ತೆರೆದಿದೆ. ಅದು ಎಂಎಂಪಿ-2ರ ಒರೆಯನ್ನು ಕತ್ತರಿಸಿಬಿಡುತ್ತದೆ. ಕಳ್ಳನನ್ನು ಹಿಡಿಯಲು ಬಂದವನು ಕಳ್ಳನ ತಮ್ಮನನ್ನು ಕೈಹಿಡಿದು ಕರೆತಂದ ಹಾಗಾಯಿತು. ಇದರಲ್ಲಿ ಒಂದು ತಮಾಷೆ ಇದೆ. ಟಿಂಪ್-2 ಇಲ್ಲವೇ ಇಲ್ಲದಿದ್ದರೆ ಎಂಎಂಪಿ-2 ಏಳುವುದಿಲ್ಲ. ಸ್ವಲ್ಪ ಇದ್ದರೆ ಏಳುತ್ತದೆ. ಬಹಳ ಜಾಸ್ತಿಯಾದರೆ ಎಲ್ಲ ಈಳಿಗೆಗೂ ಒಬ್ಬೊಬ್ಬ ಕಾವಲುಗಾರ ಕೂತುಬಿಡುತ್ತಾನೆ, ತೆರೆದ ಅಲಗೇ ಇರುವುದಿಲ್ಲ, ಆಗಲೂ ಏಳುವುದಿಲ್ಲ. "ಕಾವಲು ಹೆಚ್ಚಿಸಿದರೆ ಕಳ್ಳತನ ಕಡಿಮೆ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಗ್ಗ ಕಡಿಯುವವನೂ ಎಂಟಿ1. ಕಡಿದ ಚೂರು ತಿನ್ನುವವನನ್ನು ಎಬ್ಬಿಸುವವನೂ ಎಂಟಿ1.

ಗಾಯದಲ್ಲಿ ಇದಕ್ಕೆಲ್ಲ ಏನು ಕೆಲಸ? ಬೆರಳು ಕೊಯ್ದುಕೊಂಡ ಕೂಡಲೇ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪು ಅಂದರೆ ಫೈಬ್ರಿನ್ ಎಂಬ ನಾರಿನ ಬಲೆ. ಹಕ್ಕಳೆ ಕಟ್ಟುತ್ತದೆ. ಬಿಳಿ ರಕ್ತಕಣಗಳು ಬಂದು ಕಸ ಗುಡಿಸುತ್ತವೆ. ಆಮೇಲೆ ಚರ್ಮದ ಕೋಶಗಳು ಎರಡೂ ಅಂಚಿನಿಂದ ಹೊರಟು ಹಕ್ಕಳೆಯ ಅಡಿಯಲ್ಲಿ ತೆವಳಿ ಕೂಡಿಕೊಳ್ಳುತ್ತವೆ. ಅಡಿಯ ಪದರದಿಂದ ಫೈಬ್ರೊಬ್ಲಾಸ್ಟ್‌ಗಳು, ಅಂದರೆ ಕೊಲಾಜನ್ ಹೆಣೆಯುವ ಕೋಶಗಳು, ಒಳಗೆ ಬರುತ್ತವೆ. ಹಿಂದೆಯೇ ಹೊಸ ರಕ್ತನಾಳಗಳು ಚಿಗುರುತ್ತವೆ. ಹಕ್ಕಳೆ ಕಿತ್ತಾಗ ಕಾಣುವ ಕೆಂಪು ಕೆಂಪು ಮಾಂಸ ಅದೇ. ಇವರೆಲ್ಲ ನಡೆಯುತ್ತಿರುವುದು ಬಯಲಲ್ಲಿ ಅಲ್ಲ. ಮಲೆನಾಡಿನವರು ಹಳು ಸವರುವುದು ಅನ್ನುತ್ತಾರಲ್ಲ, ಕತ್ತಿ ಹಿಡಿದು ಪೊದೆ ಸವರಿ ದಾರಿ ಮಾಡುವುದು, ಹಾಗೆ ಫೈಬ್ರಿನ್ ಮತ್ತು ಕೊಲಾಜನ್ ಪೊದೆಯಲ್ಲಿ ದಾರಿ ಮಾಡಿಕೊಂಡು ಬರಬೇಕು. ಮುಂಚೂಣಿಯ ಕೋಶದ ಹೊಟ್ಟೆಯ ಕಡೆ ಸಣ್ಣ ಸಣ್ಣ ಕಾಲುಗಳು ಮೂಡುತ್ತವೆ, ಎಂಟಿ1 ಹೋಗಿ ಗುಂಪು ಸೇರುವುದು ಆ ಕಾಲುಗಳ ತುದಿಯಲ್ಲಿ.

ಗಾಯ ಮುಚ್ಚಿದ ಮೇಲೆ ರಿಪೇರಿ ಇನ್ನೂ ನಿಧಾನ. ಅವಸರದಲ್ಲಿ ಹೆಣೆದ ಕೊಲಾಜನ್ ತೆಗೆದು ಗಟ್ಟಿಯದನ್ನು ಹಾಕುವ ಕೆಲಸ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ನಡೆಯುತ್ತದೆ. ಇಷ್ಟೆಲ್ಲ ಮಾಡಿದರೂ ಕಲೆಯ ಜಾಗ ಮೂಲ ಚರ್ಮದ ಸುಮಾರು ಶೇ. 80ರಷ್ಟು ಗಟ್ಟಿಯಾದರೆ ಅದೇ ದೊಡ್ಡದು.

ಈಳಿಗೆ ಇಲ್ಲದೇ ಹೋದರೆ? 1999ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಎಂಟಿ1 ಇಲ್ಲದ ಇಲಿಗಳನ್ನು ಹುಟ್ಟಿಸಿದರು. ಹುಟ್ಟಿದಾಗ ನೋಡಲು ಎಲ್ಲ ಸರಿ. ಕೆಲವೇ ದಿನಕ್ಕೆ ಬೆಳವಣಿಗೆ ಕುಂಠಿತ. ಕುಳ್ಳು ಮೈ, ಗುಮ್ಮಟದ ಹಾಗೆ ಉಬ್ಬಿದ ತಲೆಬುರುಡೆ, ತೆಳ್ಳಗಾದ ಮೂಳೆ, ಬಿಗಿದುಕೊಂಡ ಕೀಲು. ಬಹಳ ದಿನ ಬದುಕಲಿಲ್ಲ. ಬೆಳೆಯುವುದು ಅಂದರೂ ಹಳೆಯದನ್ನು ಕಡಿದು ದೊಡ್ಡದನ್ನು ಕಟ್ಟುವುದೇ ಅಲ್ವಾ? ಕಡಿಯುವವರಿಲ್ಲದೆ ಕಟ್ಟಲಾಗಲಿಲ್ಲ.

ಮನುಷ್ಯರಲ್ಲೂ ಇದಕ್ಕೆ ಒಂದು ಉದಾಹರಣೆ ಇದೆ. ವಿಂಚೆಸ್ಟರ್ ಸಿಂಡ್ರೋಮ್ ಎಂಬ ತೀರ ಅಪರೂಪದ ಕಾಯಿಲೆ. ಮಣಿಕಟ್ಟು, ಪಾದದ ಮೂಳೆಗಳು ಸವೆದು ಕೀಲು ಸೊಟ್ಟಗಾಗುತ್ತವೆ. 2012ರಲ್ಲಿ ಇದರ ಮೂಲ ಎಂಟಿ1ರ ಜೀನಿನಲ್ಲಿ ಸಿಕ್ಕಿತು. ತಪ್ಪು ಇದ್ದದ್ದು ಅಲಗಿನಲ್ಲಿ ಅಲ್ಲ. ಕಿಣ್ವವನ್ನು ಪೊರೆಯ ಕಡೆ ಕಳಿಸಲು ಮುಂದೆ ಅಂಟಿಸಿರುವ ವಿಳಾಸಚೀಟಿಯಲ್ಲಿ ಒಂದು ಅಕ್ಷರ ತಪ್ಪು. ಹಾಗಾಗಿ ಕಿಣ್ವ ಪೊರೆಗೆ ಸರಿಯಾಗಿ ಬಂದು ಸೇರಲಿಲ್ಲ. ಅಲಗು ಎಷ್ಟು ಹರಿತವಿದ್ದರೇನು, ಮಣೆಗೆ ನೆಡದಿದ್ದರೆ ಹೆಚ್ಚಲಾಗುತ್ತದೆಯೇ?

ಇಲ್ಲಿಯವರೆಗೆ ಒಳ್ಳೆಯ ಮಾತು ಆಯಿತು. ಈಗ ಕ್ಯಾನ್ಸರ್.

1986ರಲ್ಲಿ ಬಾಸ್ಟನ್‌ನ ಹೆರಾಲ್ಡ್ ಡ್ವೊರಾಕ್ ಎಂಬ ರೋಗಶಾಸ್ತ್ರಜ್ಞ ಗಡ್ಡೆಗಳನ್ನು "ಮಾಯದ ಗಾಯಗಳು" ಎಂದು ಕರೆದರು. ಸೂಕ್ಷ್ಮದರ್ಶಕದಲ್ಲಿ ಗಡ್ಡೆಯ ಸುತ್ತ ಕಂಡದ್ದೆಲ್ಲ ಗಾಯದಲ್ಲಿ ಕಾಣುವಂಥದ್ದೇ. ಸೋರುವ ರಕ್ತನಾಳ, ಫೈಬ್ರಿನ್ ಬಲೆ, ಓಡಿ ಬಂದ ಫೈಬ್ರೊಬ್ಲಾಸ್ಟ್, ಹೊಸ ರಕ್ತನಾಳದ ಚಿಗುರು. ಗಾಯದಲ್ಲಿ ಇದೆಲ್ಲ ಎರಡು ವಾರಕ್ಕೆ ತಣ್ಣಗಾಗುತ್ತದೆ. ಗಡ್ಡೆಯಲ್ಲಿ ತಣ್ಣಗಾಗುವುದಿಲ್ಲ.

ಅದಕ್ಕೆ ಒಂದು ವರ್ಷ ಮುಂಚೆ, 1985ರಲ್ಲಿ, ಕ್ಯಾಲಿಫೋರ್ನಿಯಾದ ಮಿನಾ ಬಿಸೆಲ್ ತಂಡ ಕೋಳಿಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿತ್ತು. ಕ್ಯಾನ್ಸರ್ ತರುವ ಒಂದು ವೈರಸ್ಸನ್ನು ಕೋಳಿಯ ಒಂದು ರೆಕ್ಕೆಗೆ ಚುಚ್ಚಿದರೆ ಅಲ್ಲಿ ಗಡ್ಡೆ ಬರುತ್ತದೆ. ವೈರಸ್ ರಕ್ತದಲ್ಲಿ ಮೈಯೆಲ್ಲ ಸುತ್ತಿದರೂ ಬೇರೆ ಕಡೆ ಬರುವುದಿಲ್ಲ. ಆದರೆ ಇನ್ನೊಂದು ರೆಕ್ಕೆಗೆ ಒಂದು ಸಣ್ಣ ಗಾಯ ಮಾಡಿದರೆ? ಅಲ್ಲೂ ಗಡ್ಡೆ. ಚುಚ್ಚಿದ ಜಾಗದಲ್ಲಿ ಗಡ್ಡೆ ಬಂದಿದ್ದರಲ್ಲಿ ಸೂಜಿ ಮಾಡಿದ ಗಾಯದ ಪಾಲೂ ಇತ್ತು.

ನಮ್ಮ ಅಂಗಗಳ ಒಳಪದರದ ಕೋಶಗಳು ಒಂದು ತೆಳು ಚಾಪೆಯ ಮೇಲೆ ಕೂತಿರುತ್ತವೆ. ಸ್ತನದ ನಾಳ ತೆಗೆದುಕೊಳ್ಳಿ. ಗಡ್ಡೆ ಆ ಚಾಪೆಯ ಒಳಗೇ ಇರುವತನಕ ಶಸ್ತ್ರಚಿಕಿತ್ಸೆಯಿಂದ ವಾಸಿಯಾಗುವ ಸಾಧ್ಯತೆ ತುಂಬ ಜಾಸ್ತಿ. ಚಾಪೆ ಹರಿದು ಆಚೆ ಬಂದರೆ ಲೆಕ್ಕವೇ ಬೇರೆ. ಆಚೆ ಕೊಲಾಜನ್ ಪೊದೆ, ಅದರಾಚೆ ರಕ್ತನಾಳ. ನುಗ್ಗುವ ಕ್ಯಾನ್ಸರ್ ಕೋಶ ಚಾಪೆಗೆ ಮೊಳೆಯ ಹಾಗೆ ಒಂದು ಚೂಪು ಕಾಲು ಚಾಚುತ್ತದೆ. ಮೊಳೆಯ ತುದಿಯಲ್ಲಿ ಕಿಕ್ಕಿರಿದು ನಿಂತಿರುವುದು ಎಂಟಿ1. ಗಾಯ ಮಾಯಿಸುವ ಕೋಶ ಬಳಸಿದ ಅದೇ ಉಪಾಯ, ಹೊಸ ಆಯುಧವನ್ನೇನೂ ಕ್ಯಾನ್ಸರ್ ಕಂಡುಹಿಡಿದಿಲ್ಲ.

ಪೊದೆಯ ಸಂದಿಯಲ್ಲಿ ಸುಮ್ನೆ ನುಸುಳಿ ಹೋಗಬಾರದಾ? ಹೋಗುತ್ತದೆ, ಸಂದಿ ದೊಡ್ಡದಿದ್ದರೆ. ಬೆಕ್ಕಿನ ತಲೆ ತೂರಿದರೆ ಮೈಯೂ ತೂರುತ್ತದೆ ಅನ್ನುತ್ತಾರಲ್ಲ. ಕೋಶದಲ್ಲಿ ತೂರಲಾಗದ್ದು ಅದರ ನ್ಯೂಕ್ಲಿಯಸ್, ಅಂದರೆ ಜೀನುಗಳನ್ನು ಇಟ್ಟುಕೊಂಡಿರುವ ಉಂಡೆ. ಉಳಿದ ಮೈಯೆಲ್ಲ ಹಿಟ್ಟಿನ ಹಾಗೆ ಬಳುಕುತ್ತದೆ, ನ್ಯೂಕ್ಲಿಯಸ್ ಗಟ್ಟಿ. ಸಂದಿ ತೀರ ಚಿಕ್ಕದಾದಾಗ ಅದು ಸಿಕ್ಕಿಬೀಳುತ್ತದೆ, ಆಗ ಈಳಿಗೆ ಬೇಕೇ ಬೇಕು.

ಅಮೆರಿಕದ ಮಿಶಿಗನ್‌ನ ಸ್ಟೀಫನ್ ವೈಸ್ ಪ್ರಯೋಗಾಲಯ 2003ರಲ್ಲಿ ಇನ್ನೊಂದು ಸಂಗತಿ ತೋರಿಸಿತು. ಕ್ಯಾನ್ಸರ್ ಕೋಶಗಳನ್ನು ಚಪ್ಪಟೆ ತಟ್ಟೆಯ ಮೇಲೆ ಬೆಳೆಸಿದರೆ ಎಂಟಿ1 ಇದ್ದರೂ ಇಲ್ಲದಿದ್ದರೂ ಒಂದೇ. ಅದೇ ಕೋಶಗಳನ್ನು ಕೊಲಾಜನ್ ಮುದ್ದೆಯ ಒಳಗೆ ಹೂತರೆ, ಎಂಟಿ1 ಇದ್ದವು ಮಾತ್ರ ಬೆಳೆದವು. ಇಲ್ಲದವು ಹಗ್ಗದ ಪಂಜರದಲ್ಲಿ ಕೈಕಾಲು ಚಾಚಲಾಗದೆ ಗುಂಡಗೆ ಕೂತುಬಿಟ್ಟವು. ಹರಡಲು ಮಾತ್ರ ಅಲ್ಲ, ಇದ್ದಲ್ಲೇ ದೊಡ್ಡದಾಗಲೂ ಕತ್ತರಿ ಬೇಕು. ನಾವು ಎಷ್ಟೋ ವರ್ಷ ಚಪ್ಪಟೆ ತಟ್ಟೆಯಲ್ಲೇ ಔಷಧ ಪರೀಕ್ಷೆ ಮಾಡಿಕೊಂಡಿದ್ದೆವು ಅಂತ ನೆನೆದರೆ ನಾಚಿಕೆಯಾಗುತ್ತದೆ.

ಕೆಲವು ಸಲ ಕ್ಯಾನ್ಸರ್ ಕೋಶ ತಾನೇ ದಾರಿ ಸವರುವುದೂ ಇಲ್ಲ. 2007ರಲ್ಲಿ ಲಂಡನ್ನಿನಲ್ಲಿ ನಡೆದ ಕೆಲಸದಲ್ಲಿ, ಗಡ್ಡೆಯ ಪಕ್ಕದ ಫೈಬ್ರೊಬ್ಲಾಸ್ಟ್‌ಗಳು ಮುಂದೆ ಮುಂದೆ ಸುರಂಗ ಕೊರೆಯುತ್ತಾ ಹೋಗುವುದೂ, ಕ್ಯಾನ್ಸರ್ ಕೋಶಗಳು ಸಾಲಾಗಿ ಹಿಂದೆ ಹೋಗುವುದೂ ಕಂಡಿತು. ರಿಪೇರಿಗೆಂದು ಕರೆಸಿದ ಆಳುಗಳೇ ದಾರಿ ತೋರಿಸಿದರು.

ಇಷ್ಟು ಗೊತ್ತಾದ ಮೇಲೆ ಯಾರಿಗಾದರೂ ಅನ್ನಿಸುವುದು ಒಂದೇ. ಕತ್ತರಿಯ ಬಾಯಿ ಕಟ್ಟಿಬಿಡೋಣ! 1990ರ ದಶಕದಲ್ಲಿ ಅದನ್ನೇ ಮಾಡಿದರು. ಮರಿಮಸ್ಟಾಟ್ ಎಂಬ ಮಾತ್ರೆ ಬಹಳ ಹೆಸರು ಮಾಡಿತು. ಸತುವಿನ ಬಾಯಿಗೇ ಹೋಗಿ ಕೂರುವ ಔಷಧ. ಇಲಿಗಳಲ್ಲಿ ಗಡ್ಡೆ ಹರಡುವುದು ಕಡಿಮೆಯಾಗಿತ್ತು. ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಗಳಲ್ಲಿ ನಿರೀಕ್ಷಿಸಿದ ಫಲ ಬರಲಿಲ್ಲ. ಅದರ ಬದಲು ರೋಗಿಗಳಿಗೆ ಭುಜ ನೋವು, ಕೈ ಬೆರಳು ಬಿಗಿತ, ಕೀಲು ಹಿಡಿದುಕೊಳ್ಳುವುದು ಶುರುವಾಯಿತು. ಎಂಟಿ1 ಇಲ್ಲದ ಇಲಿಯ ಬಿಗಿದ ಕೀಲು ನೆನಪಾಗುತ್ತದೆ. ಅದೇ ಬಗೆಯ ಇನ್ನೊಂದು ಔಷಧದ ಪರೀಕ್ಷೆಯನ್ನು 1999ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಔಷಧ ತೆಗೆದುಕೊಂಡವರ ಸ್ಥಿತಿಯೇ ಕೆಟ್ಟದಾಗಿತ್ತು.

ತಪ್ಪಿದ್ದೆಲ್ಲಿ? ಒಂದು, ರೋಗ ಆಗಲೇ ಹರಡಿದ್ದವರಿಗೆ ಔಷಧ ಕೊಟ್ಟಿದ್ದರು. ದನ ಹೊರಗೆ ಹೋದ ಮೇಲೆ ಕೊಟ್ಟಿಗೆಗೆ ಬಾಗಿಲು. ಎರಡು, 20ಕ್ಕೂ ಜಾಸ್ತಿ ಕಿಣ್ವಗಳಲ್ಲಿ ಯಾವುದು ಕೆಟ್ಟದ್ದು, ಯಾವುದು ಒಳ್ಳೆಯದು ಅಂತ ನೋಡದೆ ಒಟ್ಟಿಗೆ ಕಟ್ಟಿದ್ದರು. ಎಂಎಂಪಿ-8 ಎಂಬುದು ಇಲ್ಲದ ಗಂಡಿಲಿಗಳಿಗೆ ಚರ್ಮದ ಗಡ್ಡೆ ಜಾಸ್ತಿ ಬರುತ್ತದೆ ಅಂತ ಆಮೇಲೆ, 2003ರಲ್ಲಿ ಗೊತ್ತಾಯಿತು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಈ ಕಿಣ್ವವನ್ನು ಕ್ಯಾನ್ಸರಿನ ಸ್ವತ್ತು ಅಂದುಕೊಂಡರು. ಅದು ನಮ್ಮ ಭುಜದ, ಬೆರಳ ಕೀಲಿನ, ಹಳೇ ಕಲೆಯ ಸ್ವತ್ತು. ಕ್ಯಾನ್ಸರ್ ಅದನ್ನು ಕಡ ತಂದಿತ್ತು.

ಈ ಕತೆಯಲ್ಲಿ ಬದುಕಿ ಉಳಿದ ಒಂದು ಔಷಧ ಇದೆ, ಆದರೆ ಕ್ಯಾನ್ಸರಿಗಲ್ಲ. ಡಾಕ್ಸಿಸೈಕ್ಲಿನ್ ಎಂಬ ಹಳೇ ಆಂಟಿಬಯಾಟಿಕ್ ಬ್ಯಾಕ್ಟೀರಿಯಾ ಸಾಯದಷ್ಟು ಕಡಿಮೆ ಪ್ರಮಾಣದಲ್ಲೂ ಈ ಕಿಣ್ವಗಳನ್ನು ತಡೆಯುತ್ತದೆ. 20 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಒಸಡಿನ ರೋಗಕ್ಕೆ. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು.

ಈಚಿನವರು ಬೇರೆ ದಾರಿ ಹಿಡಿದಿದ್ದಾರೆ. ಎಂಟಿ1 ಒಂದನ್ನೇ ಗುರುತಿಸುವ ಪ್ರತಿಕಾಯಗಳು ಬಂದಿವೆ. ಇನ್ನೂ ಜಾಣ ಉಪಾಯ ಅಂದರೆ ಅಲಗನ್ನು ತಡೆಯುವ ಗೋಜಿಗೇ ಹೋಗದಿರುವುದು. ಗಡ್ಡೆಯ ಕೋಶದ ಪೊರೆಯ ಮೇಲೆ ಎಂಟಿ1 ಜಾಸ್ತಿ ಎದ್ದು ನಿಂತಿದೆ ಅಂದಮೇಲೆ ಅದನ್ನೇ ಮನೆಯ ನಂಬರಿನ ಹಾಗೆ ಬಳಸಬಹುದಲ್ಲ? ಬಿಟಿ1718 ಎಂಬ ಪುಟ್ಟ ಅಣು ಹೀಗೆ ಮಾಡುತ್ತದೆ. ಒಂದು ತುದಿ ಎಂಟಿ1ಕ್ಕೆ ಅಂಟಿಕೊಳ್ಳುತ್ತದೆ, ಇನ್ನೊಂದು ತುದಿಯಲ್ಲಿ ಕೋಶ ಕೊಲ್ಲುವ ವಿಷ ಕಟ್ಟಿದೆ. ಬ್ರಿಟನ್ನಿನಲ್ಲಿ 2018ರಲ್ಲಿ ರೋಗಿಗಳ ಮೇಲೆ ಮೊದಲ ಹಂತದ ಪರೀಕ್ಷೆ ಶುರುವಾಯಿತು. ಮೊದಲ ಹಂತ ಅಂದರೆ ಮುಖ್ಯವಾಗಿ ಎಷ್ಟು ಕೊಟ್ಟರೆ ತಡೆದುಕೊಳ್ಳುತ್ತಾರೆ ಎಂದು ನೋಡುವುದು. ನಾಳೆಯೇ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ.

ಮಾತು ಇಷ್ಟು. ಇನ್ನು ಪ್ರಶ್ನೆಗಳು.

ಸಕ್ಕರೆ ಕಾಯಿಲೆ ಇರುವವರ ಕಾಲಿನ ಗಾಯ ಯಾಕೆ ಬೇಗ ಮಾಯುವುದಿಲ್ಲ ಅಂತ ಒಬ್ಬ ಅಮ್ಮ ಕೇಳಿದರು. ಕಾರಣ ಹಲವು, ರಕ್ತ ಸರಿಯಾಗಿ ಹರಿಯದಿರುವುದು, ನರಗಳು ಜಡವಾಗುವುದು. ಒಂದು ಕಾರಣ ಇದೇ ಕತ್ತರಿಗಳು. ಅಲ್ಲಿ ಉರಿಯೂತ ತಣಿಯುವುದಿಲ್ಲ, ಹೊರಗೆ ಸುರಿಯುವ ಕಿಣ್ವಗಳು, ಅದರಲ್ಲೂ ಎಂಎಂಪಿ-9, ಮಿತಿಮೀರುತ್ತವೆ. ಹೆಣೆದದ್ದನ್ನೆಲ್ಲ ಕಡಿದು ಹಾಕುತ್ತವೆ. ಅಂಥ ಗಾಯಕ್ಕೆ ಕೊಲಾಜನ್ ಪಟ್ಟಿ ಹಾಕುವುದುಂಟು. ತೋಟಕ್ಕೆ ನುಗ್ಗುವ ದನಕ್ಕೆ ಹೊರಗೇ ಹುಲ್ಲು ಹಾಕಿದ ಹಾಗೆ, ಕತ್ತರಿಗಳು ಪಟ್ಟಿ ಕಡಿಯುತ್ತಾ ಇರಲಿ, ಗಾಯ ಬಿಡಲಿ ಅಂತ. ಮಾಯದೆ ವರ್ಷಗಟ್ಟಲೆ ಉಳಿದ ಗಾಯ, ಅದರಲ್ಲೂ ಸುಟ್ಟ ಗಾಯ, ಯಾರಿಗಾದರೂ ಇದ್ದರೆ ವೈದ್ಯರಿಗೆ ತೋರಿಸಿ. ಅಪರೂಪಕ್ಕೆ ಅಂಥದ್ದರಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುತ್ತದೆ.

"ಹಾಗಾದರೆ ಕತ್ತರಿ ಕಡಿಮೆ ಇದ್ದವರು ಸುರಕ್ಷಿತವಾ?" ಅಂತ ಒಬ್ಬ ಹುಡುಗ ಕೇಳಿದ. ಇದಕ್ಕೆ ನಮ್ಮ ತೋಟದಿಂದಲೇ ಉತ್ತರ ಇದೆ, ಹೇಳಲು ಸ್ವಲ್ಪ ಕಷ್ಟ. ನಮ್ಮ ಮನೆಯದೂ ಅಡಿಕೆ ತೋಟವೇ. ಅಡಿಕೆ, ಗುಟ್ಕಾ ಜಗಿಯುವವರ ಕೆನ್ನೆಯ ಒಳಪದರ ಗಟ್ಟಿಯಾಗಿ, ಬೆಳ್ಳಗಾಗಿ, ಬಾಯಿ ತೆರೆಯುವುದೇ ಕಡಿಮೆಯಾಗುವ ಕಾಯಿಲೆ ಇದೆ. ಮೂರು ಬೆರಳು ಹೋಗುತ್ತಿದ್ದ ಬಾಯಿಗೆ ಒಂದು ಬೆರಳೂ ಹೋಗುವುದಿಲ್ಲ. ಅಡಿಕೆಯಲ್ಲಿರುವ ಅರೆಕೊಲೀನ್ ಎಂಬ ರಾಸಾಯನಿಕ ಫೈಬ್ರೊಬ್ಲಾಸ್ಟ್‌ಗಳನ್ನು ಕೆಣಕಿ ಕೊಲಾಜನ್ ಜಾಸ್ತಿ ಮಾಡಿಸುತ್ತದೆ. ಅಡಿಕೆಯಲ್ಲಿರುವ ತಾಮ್ರ ಆ ಹಗ್ಗಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಕತ್ತರಿಗಳ ಕೆಲಸ ಇಳಿಯುತ್ತದೆ, ಕಾವಲುಗಾರ ಟಿಂಪ್ ಏರುತ್ತದೆ. ಕಡಿಯುವುದು ಕಡಿಮೆ, ಆದರೂ ಅಂಥ ಬಾಯಲ್ಲಿ ಕ್ಯಾನ್ಸರ್ ಬರುವ ಅಪಾಯ ಜಾಸ್ತಿ. ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೇಳಿದೆ. ಹಿಂದಿನ ಸಾಲಿನಲ್ಲಿ ಇಬ್ಬರು ಹಿರಿಯರು ಕವಳ ಹಾಕಿಕೊಂಡೇ ಕೂತಿದ್ದರು. ನಕ್ಕರು, ಉಗಿಯಲು ಎದ್ದು ಹೋಗಲಿಲ್ಲ.

ಕೊಲಾಜನ್ ಪುಡಿ ಕುಡಿದರೆ ಕಲೆ ಹೋಗುತ್ತದಾ? ಹೊಟ್ಟೆಗೆ ಹೋದದ್ದು ಜೀರ್ಣವಾಗಿ ಚೂರುಚೂರಾಗುತ್ತದೆ. ಅದು ಇಡೀ ಹಗ್ಗವಾಗಿ ನಿಮ್ಮ ಕಲೆಗೆ ಹೋಗಿ ಸೇರುವುದಿಲ್ಲ. ನೆಲ್ಲಿಕಾಯಿ ಅಗ್ಗ, ತಿನ್ನಿ.

ಕೊನೆಗೆ ಏಳನೇ ತರಗತಿಯ ಒಬ್ಬಳು ಹುಡುಗಿ ಎದ್ದು ಕೇಳಿದಳು. "ಸರ್, ಗೊದಮೊಟ್ಟೆ ಬಾಲ ಕರಗಿ ಎಲ್ಲಿಗೆ ಹೋಗುತ್ತೆ?"

ಅವತ್ತಿನ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದು. ಬಾಲ ಕರಗಲು ಅಪ್ಪಣೆ ಕೊಡುವುದು ಥೈರಾಯ್ಡ್ ಹಾರ್ಮೋನ್. ಅದು ಏರಿದಾಗ ಬಾಲದ ಕೋಶಗಳು ಕತ್ತರಿಗಳನ್ನು ಮಾಡಿಕೊಳ್ಳುತ್ತವೆ. ಆಫ್ರಿಕಾದ ಒಂದು ಜಾತಿಯ ಗೊದಮೊಟ್ಟೆಯಲ್ಲಿ ಹುಡುಕಿದಾಗ ಆ ಕತ್ತರಿಗಳ ಸಾಲಿನಲ್ಲಿ ನಮ್ಮ ಎಂಟಿ1 ಕೂಡ ಸಿಕ್ಕಿತು. ಆ ದಿನಗಳಲ್ಲಿ ಗೊದಮೊಟ್ಟೆಯ ಬಾಯಿ, ಕರುಳು ಎಲ್ಲ ಬದಲಾಗುತ್ತಿರುತ್ತವೆ. ಪಾಚಿ ತಿನ್ನುವ ಬಾಯಿ ಹೋಗಿ ಹುಳ ಹಿಡಿಯುವ ಬಾಯಿ ಬರಬೇಕು. ಅಲ್ಲಿಯವರೆಗೆ ಅದು ಏನೂ ತಿನ್ನುವುದಿಲ್ಲ.

"ಮತ್ತೆ ಬದುಕಿರೋದು ಹೇಗೆ?" ಅಂದಳು.

ಬಾಲ ತಿಂದುಕೊಂಡು, ಅಂದೆ.